ಕಾಕತಾಳೀಯವೂ ಚರಿತ್ರೆಯೂ

ಕಾಗೆಯು ತಾಳೆಯ ಮರದ ಮೇಲೆ ಬಂದು ಕುಳಿತುದಕ್ಕೂ ಅದೇ ಗಳಿಗೆಯಲ್ಲಿ ಹಣ್ಣು ಕಳಚಿ ಬಿದ್ದುದಕ್ಕೂ ಕಾರ್ಯಕಾರಣಸಂಬಂಧವಿಲ್ಲವೆಂದು ಕಂಡ ನಮ್ಮ ಪ್ರಾಚೀನರು ಅದಕ್ಕೆ 'ಕಾಕತಾಳೀಯ'ವೆಂದು ಹೆಸರಿಟ್ಟರು. ಹುಳು ಕೊರೆದ ಜಾಡು ಅಕ್ಷರದಂತೆ ತೋರಿದರೆ ಹುಳುವಿಗೆ ವಿದ್ಯೆ ಬಂದಿದೆಯೆಂದು ಅವರು ಸಾರಲಿಲ್ಲ. 'ಘುಣಾಕ್ಷರ'ವೆಂದು ಕರೆದು ಸುಮ್ಮನಾದರು. ಇಂಥವರ ಮಾತನ್ನು ಆಡುವ ನಾವೇ ಇಂದು ಕಾಗೆಗೆ ಮಂಗಳಾರತಿ ಎತ್ತುತ್ತಿರುವುದು ಸೋಜಿಗವಲ್ಲವೆ? 'ಚರಿತ್ರೆಯ ವಿಸ್ಮಯಗಳು' ಎಂಬ ತಲೆಬರಹವಿದ್ದರೆ ಸಾಕು, ಸಭೆಯಲ್ಲಿ ಚಪ್ಪಾಳೆ, ಪತ್ರಿಕೆಯಲ್ಲಿ ಸ್ಥಳ. ಆಕ್ಷೇಪಿಸಿದವರಿಗೆ ಸಿದ್ಧವಾದ ಉತ್ತರವೂ ಉಂಟು: "ಕಥೆ ರುಚಿಯಾಗಿದ್ದರೆ ಹುಡುಗರು ಚರಿತ್ರೆಯನ್ನು ಓದುತ್ತಾರೆ, ಅದರಿಂದ ಯಾರಿಗೆ ಏನು ಕೇಡು?" ಕೇಡು ಏನೆಂಬುದನ್ನೇ ಇಲ್ಲಿ ಹೇಳಬೇಕಾಗಿದೆ.

ಷೇಕ್ಸ್‌ಪಿಯರನೂ ಸ್ಪೇನಿನ ಸರ್ವಾಂಟಿಸನೂ 1616ರ ಏಪ್ರಿಲ್ 23ರಂದು ಒಂದೇ ದಿನ ತೀರಿಕೊಂಡರೆಂದು ಹೇಳುವುದುಂಟು. ಸ್ಪೇನ್ ದೇಶವು 1582ರಲ್ಲಿಯೇ ಹೊಸ ಪಂಚಾಂಗವನ್ನು ಹಿಡಿಯಿತು. ಇಂಗ್ಲೆಂಡ್ ಹಿಡಿದುದು 1752ರಲ್ಲಿ. ಆ ಕಾಲದಲ್ಲಿ ಎರಡಕ್ಕೂ ಹತ್ತು ದಿನಗಳ ಅಂತರ. ಇಂಗ್ಲಿಷ್ ಕವಿ ತೀರಿಕೊಂಡ ದಿನ ಸ್ಪೇನಿನಲ್ಲಿ ಮೇ 3. ಸರ್ವಾಂಟಿಸನಾದರೋ 22ರಂದೇ ಮೃತನಾಗಿ 23ರಂದು ಸಮಾಧಿಯಾದನೆಂದು ವಿದ್ವಾಂಸರ ಮತ. ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದನೆಂಬ ಮಾತಿಗೂ ಇದೇ ಗತಿ: ಒಬ್ಬನ ಮರಣ ಇಟಲಿಯ ಹೊಸ ಲೆಕ್ಕದಲ್ಲಿ 1642ರ ಜನವರಿ 8, ಇನ್ನೊಬ್ಬನ ಜನನ ಅದೇ ಲೆಕ್ಕದಲ್ಲಿ 1643ರ ಜನವರಿ 4. ಚಾಂದ್ರಮಾನ ಯುಗಾದಿ ಒಂದು ದಿನ, ಸೌರಮಾನ ಯುಗಾದಿ ಇನ್ನೊಂದು ದಿನ ಮಾಡುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೆ!

ಎಲ್ಲ ಸಂಗತಿಗಳೂ ಹೀಗೆ ಮುಟ್ಟಿದರೆ ಒಡೆಯುವಂಥವಲ್ಲ, ಒಪ್ಪುತ್ತೇನೆ. ಅಮೆರಿಕದ ಸ್ವಾತಂತ್ರ್ಯಘೋಷಣೆಯ ಐವತ್ತನೆಯ ವಾರ್ಷಿಕ ದಿನದಂದೇ, 1826ರ ಜುಲೈ 4ರಂದು, ಜೆಫರ್ಸನ್ ಮತ್ತು ಆಡಮ್ಸ್ ಇಬ್ಬರೂ ಕಾಲವಾದರು. ಇದು ನಿಜ. ಡೇನಿಯಲ್ ವೆಬ್‌ಸ್ಟರನು ಬಾಸ್ಟನ್ ನಗರದ ಸಭೆಯಲ್ಲಿ ಇದನ್ನು ದೈವಕೃಪೆಯ ಗುರುತೆಂದೇ ವರ್ಣಿಸಿದನು. 1831ರ ಅದೇ ದಿನ ಮನ್ರೋ ತೀರಿಕೊಂಡುದರಿಂದ ನಂಬಿಕೆಗೆ ಇನ್ನಷ್ಟು ಬಲ ಬಂದಿತು. ಆದರೆ 1836ರಲ್ಲಿ ಮ್ಯಾಡಿಸನ್ ಕಣ್ಣು ಮುಚ್ಚಿದುದು ಜೂನ್ 28ರಂದು. ಅವನನ್ನು ಈ ಪಟ್ಟಿಗೆ ಯಾರೂ ಸೇರಿಸುವುದಿಲ್ಲ. ಆರು ದಿನ ತಾಳದೆ ಹೋದುದೇ ಅವನ ಅಪರಾಧವೇನೋ! ಸ್ವಾತಂತ್ರ್ಯದ ನಿರ್ಣಯವು ಜುಲೈ 2ರಂದೇ ಅಂಗೀಕೃತವಾಯಿತು. ಜನ ಆಚರಿಸುವುದು ಆ ದಿನವನ್ನೇ ಎಂದು ಆಡಮ್ಸನೇ ಹೆಂಡತಿಗೆ ಬರೆದಿದ್ದನು. ದೈವವು ಗುರುತನ್ನು ಹಾಕಹೊರಟಿದ್ದರೆ ಯಾವ ದಿನವನ್ನು ಆರಿಸಬೇಕಾಗಿತ್ತು?

ಲಿಂಕನ್ ಮತ್ತು ಕೆನೆಡಿಯವರ ಪಟ್ಟಿ ಇದಕ್ಕಿಂತಲೂ ಅಗ್ಗದ ಸರಕು. 1860ರಲ್ಲಿ ಒಬ್ಬನು, 1960ರಲ್ಲಿ ಇನ್ನೊಬ್ಬನು ಚುನಾಯಿತರಾದರಂತೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುವ ದೇಶದಲ್ಲಿ ನೂರು ವರ್ಷದ ಅಂತರ ಬೀಳುವುದು ಪವಾಡವೆ? ಇಷ್ಟು ಸಾಲದೆಂದು ಲಿಂಕನ್ನನಿಗೆ ಕೆನೆಡಿಯೆಂಬ ಕಾರ್ಯದರ್ಶಿಯಿದ್ದನೆಂದು ಕಟ್ಟಿದರು. ಅವನ ಕಾರ್ಯದರ್ಶಿಗಳೆಂದು ಚರಿತ್ರೆ ಬಲ್ಲ ಹೆಸರುಗಳು ನಿಕೊಲೆ ಮತ್ತು ಹೇ. ವಿಸ್ಮಯದ ಹಸಿವು ಹೆಚ್ಚಿದಾಗ ಸುಳ್ಳೂ ಪಂಕ್ತಿಯಲ್ಲಿ ಬಂದು ಕೂರುತ್ತದೆ.

ಪರದೇಶದ ಮಾತು ಇರಲಿ. ನಮ್ಮ ಮನೆಯ ವಿಸ್ಮಯವೊಂದಿದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ರಾಜಪ್ರತಿನಿಧಿಯ ಪತ್ನಿ ಅಲಮೇಲಮ್ಮನು ಆಭರಣಗಳನ್ನು ಒಪ್ಪಿಸಲೊಲ್ಲದೆ ಮಾಲಂಗಿಯ ಬಳಿ ಕಾವೇರಿಗೆ ಹಾರಿದಳೆಂದೂ, ತಲಕಾಡು ಮರಳಿನಲ್ಲಿ ಹೂಳಲೆಂದೂ ಮೈಸೂರಿನ ಅರಸರಿಗೆ ಸಂತಾನವಿಲ್ಲದಾಗಲೆಂದೂ ಶಪಿಸಿದಳೆಂದೂ ಐತಿಹ್ಯ. "ನೋಡಿರಿ, ಎರಡೂ ನಡೆಯಿತಲ್ಲ!" ಎನ್ನುತ್ತಾರೆ.

ನಡೆಯಿತೆ? ಚಿಕ್ಕದೇವರಾಜ ಒಡೆಯರ ತರುವಾಯ 1704ರಲ್ಲಿ ಪಟ್ಟವೇರಿದವರು ಅವರ ಮಗ ಕಂಠೀರವ ಒಡೆಯರು. 1714ರಲ್ಲಿ ಇವರ ಮಗ ದೊಡ್ಡ ಕೃಷ್ಣರಾಜರು. ಅಜ್ಜ, ಮಗ, ಮೊಮ್ಮಗ, ಮೂರು ತಲೆ ಒಂದರ ಹಿಂದೊಂದು. ಇಮ್ಮಡಿ ಕೃಷ್ಣರಾಜರ ಇಬ್ಬರು ಮಕ್ಕಳು ಸಿಂಹಾಸನವನ್ನೇರಿದರು. ಮುಮ್ಮಡಿಯವರು ಖಾಸಾ ಚಾಮರಾಜರ ಔರಸಪುತ್ರರು. ನಾಲ್ವಡಿಯವರು ಚಾಮರಾಜೇಂದ್ರರ ಔರಸಪುತ್ರರು. ಇದನ್ನು ತೋರಿಸಿದೊಡನೆ ಶಾಪವು ತಿದ್ದುಪಡಿಯಾಗುತ್ತದೆ: "ಒಂದು ತಲೆ ಬಿಟ್ಟು ಒಂದು ತಲೆಗೆ." ಚಿಕ್ಕದೇವರಾಜರ ವಂಶಾವಳಿ ಆ ತಿದ್ದುಪಡಿಗೂ ಬಗ್ಗುವುದಿಲ್ಲ. 2015ರಲ್ಲಿ ದತ್ತಕವಾಗಿ 2017ರಲ್ಲಿ ರಾಜಮನೆತನದಲ್ಲಿ ಮಗು ಹುಟ್ಟಿದಾಗ 'ಶಾಪವಿಮೋಚನೆ'ಯೆಂದು ಬರೆದವರಿಗೆ 1704 ಎಂಬ ವರ್ಷ ನೆನಪಿಗೇ ಬರಲಿಲ್ಲ.

ದತ್ತಕವಾದರೂ ಮೈಸೂರಿಗೇ ಮೀಸಲೆ? ಕಿತ್ತೂರಿನ ಅರಸನು 1824ರಲ್ಲಿ ಔರಸಪುತ್ರನಿಲ್ಲದೆ ತೀರಿಕೊಂಡನು. ದತ್ತಕವನ್ನು ಕುಂಪಣಿ ಮಾನ್ಯಮಾಡದ ಕಾರಣ ಚೆನ್ನಮ್ಮರಾಣಿ ಕತ್ತಿ ಹಿರಿದಳು. 1848ರಲ್ಲಿ ಸಾತಾರೆ, 1854ರಲ್ಲಿ ಝಾನ್ಸಿ ಮತ್ತು ನಾಗಪುರ ಇದೇ ನೆವದಿಂದ ಡಾಲ್‌ಹೌಸಿಯ ಕೈಸೇರಿದವು. ಇವರನ್ನೆಲ್ಲ ಶಪಿಸಿದ ಅಲಮೇಲಮ್ಮಂದಿರು ಯಾರು?

ಇನ್ನು ಮರಳು. ಕಾವೇರಿ ತಲಕಾಡಿನಲ್ಲಿ ದೊಡ್ಡದಾಗಿ ತಿರುಗುತ್ತಾಳೆ. ಬೇಸಗೆಯಲ್ಲಿ ಬರಿದಾದ ಪಾತ್ರದ ಮರಳನ್ನು ಗಾಳಿ ಊರ ಮೇಲೆ ಹೊರುತ್ತದೆ. ಮೇಲುಗಡೆ ಕಟ್ಟಿದ ಮಾಧವಮಂತ್ರಿ ಅಣೆಕಟ್ಟೆಯಿಂದ ನೀರಿನ ನಡೆ ಬದಲಾಗಿ ಮರಳು ಬಯಲಿಗೆ ಬಿದ್ದಿತೆಂದು ಸಂಶೋಧಕರು ವಾದಿಸಿದ್ದಾರೆ. ಈ ವಾದವನ್ನು ಒಪ್ಪಬಹುದು, ಬಿಡಬಹುದು. ಅಳೆದು ನೋಡುವುದಕ್ಕಾದರೂ ಅವಕಾಶವುಂಟು. ಶಾಪವೆಂದೊಡನೆ ಆ ವಿಚಾರಣೆ ನಿಂತುಹೋಗುತ್ತದೆ. ನದಿಗೆ ಮನುಷ್ಯರು ಮಾಡಿದುದಕ್ಕೆ ಸತ್ತ ಹೆಂಗಸೊಬ್ಬಳು ಹೊಣೆಯಾಗುತ್ತಾಳೆ. ಕೇಡು ಯಾರಿಗೆಂದು ಕೇಳಿದ ಮಿತ್ರರು ಇದನ್ನು ಗಮನಿಸಬೇಕು. ಐತಿಹ್ಯದ ಒಳಗೇ ಅವಳಿಗಾದ ಅನ್ಯಾಯವೊಂದಿದೆ: ಗೆದ್ದವರ ಆಳುಗಳು ಸೋತವನ ಹೆಂಡತಿಯ ಒಡವೆಗೆ ಬೆನ್ನಟ್ಟಿ ಬಂದುದು. ವಂಶದ ಲೆಕ್ಕ, ಮರಳಿನ ಲೆಕ್ಕ ಹಾಕುವ ಗದ್ದಲದಲ್ಲಿ ಅದನ್ನು ಕೇಳುವವರೇ ಇಲ್ಲ.

ಮುಂದೆ ಇಂಥ ಬರಹಗಳನ್ನು ಕಳುಹಿಸುವ ಮಹಾಶಯರು, ತಾವು ಕೊಟ್ಟ ದಿನಾಂಕ ಯಾವ ಪಂಚಾಂಗದ್ದು, ಪಟ್ಟಿಯಿಂದ ಬಿಟ್ಟ ಹೆಸರುಗಳಾವುವು ಎಂಬ ಎರಡು ವಿವರಗಳನ್ನೂ ಜೊತೆಯಲ್ಲಿಯೇ ಬರೆದು ಕಳುಹಿಸಲಿ. ಆಮೇಲೆ ಉಳಿದ ವಿಸ್ಮಯವನ್ನು ಕುರಿತು ಚರ್ಚಿಸಲು ನಾವು ಸಿದ್ಧರಿದ್ದೇವೆ.