ಕಲಬುರಗಿ ಕೇಂದ್ರ ದಂಡದ ಖರ್ಚಲ್ಲ

‘ಚಂದನ’ ವಾಹಿನಿ ನಾಡಿಗೆಲ್ಲ ತಲುಪುವಾಗ ಕಲಬುರಗಿ ದೂರದರ್ಶನ ಕೇಂದ್ರ ದಂಡದ ಖರ್ಚು ಎಂದು ಕಳೆದ ವಾರದ ಲೇಖನ ವಾದಿಸಿದೆ. ಈ ವಾದ ಇತಿಹಾಸವನ್ನೇ ತಲೆಕೆಳಗು ಮಾಡುತ್ತದೆ. ಬೆಂಗಳೂರು ಕೇಂದ್ರ ಶುರುವಾದದ್ದು 1981ರಲ್ಲಿ. ಕಲಬುರಗಿ ಕೇಂದ್ರ 1977ರಲ್ಲೇ ಕೆಲಸ ಆರಂಭಿಸಿತ್ತು.

ಅದು ಯಾರೋ ಕೈಯೆತ್ತಿ ಕೊಟ್ಟ ಕೊಡುಗೆಯಲ್ಲ. 1975–76ರ ‘ಸೈಟ್’ ಉಪಗ್ರಹ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿದಾಗ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೋಳಿಗೂಡಿಗೆ ಬಳಸುವ ತಂತಿಬಲೆಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಟಿ.ವಿ.; ಬೆಳಿಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಊರವರಿಗೆಲ್ಲ ಬೇಸಾಯ, ಆರೋಗ್ಯದ ಮಾಹಿತಿ. ವರ್ಷಕ್ಕೇ ಪ್ರಯೋಗ ಮುಗಿಯಿತು. ಆ ಕೆಲಸ ಮುಂದುವರಿಸಲೆಂದೇ ಈ ಕೇಂದ್ರ ಬಂತು.

ಟ್ರಾನ್ಸ್‌ಮಿಟರ್ ನಿಂತ ಮೇಲೆ ಕೇಂದ್ರವೇಕೆ ಎಂಬುದು ಲೇಖಕರ ಇನ್ನೊಂದು ಪ್ರಶ್ನೆ. ನಿಂತದ್ದು ಹಳೆಯ ಅನಲಾಗ್ ತಂತ್ರಜ್ಞಾನ, ಜನರ ಅಗತ್ಯವಲ್ಲ. ಕಲಬುರಗಿಯಲ್ಲಿ ಕಾರ್ಯಕ್ರಮ ತಯಾರಿಕೆ ಮುಂದುವರಿಯುತ್ತದೆಂದು ಪ್ರಸಾರ ಭಾರತಿಯೇ 2021ರಲ್ಲಿ ಸ್ಪಷ್ಟಪಡಿಸಿತ್ತು. ತೊಗರಿ ಹೂವಾಡುವಾಗ ಕಾಯಿಕೊರಕ ಬಿದ್ದರೆ ರೈತನಿಗೆ ಆ ವಾರವೇ ಸಲಹೆ ಬೇಕು. ಅದೂ ಇಲ್ಲಿನ ಕಪ್ಪುನೆಲ ಬಲ್ಲವರಿಂದ, ಇಲ್ಲಿನ ಮಾತಿನಲ್ಲಿ. ತತ್ವಪದಕಾರರನ್ನು, ಮೊಹರಂ ಪದ ಹಾಡುವವರನ್ನು ಅವರವರ ಊರಲ್ಲೇ ಚಿತ್ರೀಕರಿಸಲು ಬೆಂಗಳೂರಿನಿಂದ ತಂಡ ಎಷ್ಟು ಸಲ ಬಂದೀತು?

ವೀಕ್ಷಕರಿಲ್ಲ ಎಂದು ತೀರ್ಪು ಕೊಡುವ ಮೊದಲು ಕೇಂದ್ರಕ್ಕೆ ಸಾಕಷ್ಟು ಸಿಬ್ಬಂದಿ ಕೊಡಿ, ಚಂದನದಲ್ಲಿ ದಿನವೂ ನಿಗದಿತ ಸಮಯ ಕೊಡಿ. ಲೆಕ್ಕ ಆಮೇಲೆ ಕೇಳಿ.