ಫೋಟೊ ಮೋಡಕ್ಕೆ ಹಾಕಿ, ಬೀಗದಕೈ ನಿಮ್ಮಲ್ಲೇ ಇರಲಿ

ನಾನು ಮಿರ್ಲೆ ಕಡೆಯ ಖುಷ್ಕಿ ರೈತ. ಓದಿದ್ದು ಏಳನೇ ಕ್ಲಾಸು. ನಾಲೆ ನೀರು ಹತ್ತದ ದಿಣ್ಣೆ ಮೇಲೆ ಮೂರು ಎಕರೆ. ರಾಗಿ, ಅದರ ಸಾಲಲ್ಲಿ ಅವರೆ, ಹಿಂಗಾರಿಗೆ ಹುರುಳಿ. ಹುಟ್ಟಿದಾಗಿಂದ ಮೋಡ ನೋಡ್ಕೊಂಡೇ ಬದುಕಿದವನು. ಇನ್ನೊಂದು ಥರದ ಮೋಡವೂ ಉಂಟು ಅಂತ ಗೊತ್ತಾಗಿದ್ದು ಫೋನು ತುಂಬಿ ನಿಂತಾಗ.

2021ರ ನವೆಂಬರ್ ಮಳೆ ಯಾರಿಗೂ ಮರೆತಿರಲಾರದು. ರಾಗಿ ಕುಯ್ದು ಅರಿ ಹಾಕಿದ್ದೆವು. ಹಿಡಿದ ಮಳೆ ಬಿಡಲಿಲ್ಲ. ಅರಿಯಲ್ಲೇ ತೆನೆ ಮೊಳಕೆ ಒಡೆಯಿತು, ಹುಲ್ಲು ಕಪ್ಪಾಯಿತು. ಬೆಳೆ ವಿಮೆ ಕಟ್ಟಿದ್ದೆ. ಕುಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆಗೆ 14 ದಿನದೊಳಗೆ ಅಕಾಲ ಮಳೆ ಬಿದ್ದು ಹಾಳಾದರೆ ಅದಕ್ಕೂ ವಿಮೆಯಲ್ಲಿ ಜಾಗ ಇದೆ, 72 ಗಂಟೆಯೊಳಗೆ ತಿಳಿಸಬೇಕು. ಫೋಟೊ ತೆಗೆಯೋಣ ಅಂತ ಕೆಸರಲ್ಲಿ ನಿಂತು ಫೋನು ಎತ್ತಿದರೆ 'ಜಾಗ ಇಲ್ಲ' ಅಂತು. ಒಳಗೆ ನೋಡಿದರೆ ಏನಿತ್ತು? ಬರೀ ಶುಭೋದಯದ ಹೂವು, ದೇವರ ಪಟ, ಮದುವೆ ಪತ್ರಿಕೆ. ಮಳೇಲಿ ನಿಂತು ಅಷ್ಟನ್ನು ಅಳಿಸಿ, ಆಮೇಲೆ ಹತ್ತು ಫೋಟೊ ತೆಗೆದೆ. ಹೊತ್ತಿಗೆ ಸರಿಯಾಗಿ ತಿಳಿಸಿಯೂ ತಿಳಿಸಿದೆ.

ಸಂಕ್ರಾಂತಿಗೆ ಮಗ ಬಂದವನು ಫೋನು ನೋಡಿ, "ಅಪ್ಪಾ, ಎಲ್ಲಾ ಮೇಲಕ್ಕೆ ಹಾಕಿದೀನಿ, ಇನ್ನು ಫೋನು ಹೋದ್ರೂ ಫೋಟೊ ಹೋಗಲ್ಲ" ಅಂದ. ಗೂಗಲ್ ಫೋಟೋಸ್ ಅನ್ನೋದರಲ್ಲಿ ಹಾಕಿದ್ದ. ಸ್ವಲ್ಪ ದಿನಕ್ಕೆ ಫೋನು ಮತ್ತೆ ತುಂಬಿತು. ಮೇಲೆ ಇದೆಯಲ್ಲ ಅನ್ನೋ ಧೈರ್ಯದಲ್ಲಿ ನಾನೇ ಕೂತು ಒಂದೊಂದೇ ಒತ್ತಿ ಎಲ್ಲಾ ಅಳಿಸಿದೆ. ನಾನು ಅಳಿಸಿದ್ದು ಅದೇ ಗೂಗಲ್ ಫೋಟೋಸ್ ಒಳಗೆ. ಅಲ್ಲಿ ಅಳಿಸಿದರೆ ಫೋನಿಂದಲೂ ಹೋಗುತ್ತೆ, ಮೋಡದಿಂದಲೂ ಹೋಗುತ್ತೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತೆ, ಆಮೇಲೆ ಯಾರು ಬಂದರೂ ಸಿಗಲ್ಲ.

ನಾಲ್ಕು ತಿಂಗಳು ಕಳೆದ ಮೇಲೆ ವಿಮೆಯ ಕಡೆಯವರು ಆ ದಿನದ ಫೋಟೊ ಕೇಳಿದರು. ಮಗನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಒಂದು ಮಾತ್ರ ಉಳಿದಿತ್ತು. ಫೋಟೊ ಒಳಗೆ ತೆಗೆದ ತಾರೀಖು, ಜಾಗದ ಗುರುತು ಕೂತಿರುತ್ತಂತೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದಾಗ ಅದು ಉದುರಿಹೋಗುತ್ತೆ. ಯಾವ ಹೊಲ, ಯಾವ ದಿನ ಅಂತ ಹೇಳೋಕೆ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಫೋಟೊ ಇದ್ದಿದ್ದರೆ ಹಣ ಬಂದೇ ಬರ್ತಿತ್ತು ಅಂತ ಹೇಳಲಾರೆ. ಆದರೆ ಕೇಳೋಕೆ ಬಾಯಿರ್ತಿತ್ತು. ತಪ್ಪು ನಂದೇ. ಅದಕ್ಕೇ ಬರೀತಿದ್ದೀನಿ.

ಮೋಡ ಅಂದ್ರೆ ಬೇರೆಯವರ ಉಗ್ರಾಣ

ಈ ಮೋಡ ಆಕಾಶದ್ದಲ್ಲ. ಎಲ್ಲೋ ದೊಡ್ಡ ದೊಡ್ಡ ಕಟ್ಟಡದಲ್ಲಿ ಹಗಲು ರಾತ್ರಿ ಓಡೋ ಕಂಪ್ಯೂಟರುಗಳು. ನಮ್ಮ ಫೋಟೊ ಇಂಟರ್‌ನೆಟ್ ಮೂಲಕ ಅಲ್ಲಿಗೆ ಹೋಗಿ ಕೂರುತ್ತೆ. ಅಂದರೆ ನಮ್ಮ ದವಸ ಬೇರೆಯವರ ಉಗ್ರಾಣದಲ್ಲಿ ಇಟ್ಟ ಹಾಗೆ. ಮೊದಲು ಎಷ್ಟಾದರೂ ಇಡಿ ಅಂತ ಪುಕ್ಕಟೆ ಬಿಟ್ಟಿದ್ದರು. 2021ರ ಜೂನ್ 1ರಿಂದ ಆ ಲೆಕ್ಕ ಮುಗಿಯಿತು. ಈಗ ಪುಕ್ಕಟೆ ಸಿಗೋದು ಹೆಚ್ಚೆಂದರೆ 15 ಜಿ.ಬಿ., ಅದರಲ್ಲೇ ಈ-ಮೇಲ್, ಫೋಟೊ, ಬೇರೆ ಕಾಗದ ಪತ್ರ ಎಲ್ಲಾ. ತುಂಬಿದರೆ ತಿಂಗಳು ತಿಂಗಳು ಬಾಡಿಗೆ ಕೊಡಿ ಅಂತಾರೆ. ಎರಡು ವರ್ಷ ಖಾತೆ ಕಡೆ ತಲೆ ಹಾಕದಿದ್ದರೆ ಖಾತೆಯನ್ನೇ ತೆಗೆದುಹಾಕುವ ನಿಯಮವೂ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ.

ಹಾಗಂತ ಮೋಡ ಬೇಡ ಅನ್ನೋರ ಪೈಕಿ ನಾನಲ್ಲ. ನಮ್ಮ ಪಕ್ಕದ ಹೊಲದವರ ಫೋನು ದನ ತೊಳೆಯೋವಾಗ ಕಟ್ಟೆಗೆ ಬಿತ್ತು. ಹೊಸ ಫೋನಿಗೆ ಅದೇ ಖಾತೆ ಹಾಕಿದ್ದೇ, ಮೊಮ್ಮಗಳ ನಾಮಕರಣದಿಂದ ಹಿಡಿದು ಎಲ್ಲಾ ಫೋಟೊ ವಾಪಸ್ ಬಂತು. ಮೆಮೊರಿ ಕಾರ್ಡ್ ಸಾಕು ಅನ್ನೋರಿಗೆ ನಾನು ಹೇಳೋದು ಇಷ್ಟೇ: ಕಾರ್ಡು ಫೋನಿನೊಳಗೇ ಇದ್ದರೆ ಫೋನು ಕಳೆದಾಗ ಅದೂ ಕಳೆಯುತ್ತೆ.

ಈಗ ಫೋಟೊ ಅನ್ನೋದು ನಮಗೆ ಷೋಕಿ ಅಲ್ಲ. 2020ರಿಂದ ಬೆಳೆ ಸಮೀಕ್ಷೆಯನ್ನು ರೈತರೇ ಫೋನಿನಲ್ಲಿ ಮಾಡಬಹುದು ಅಂತಾಯಿತು, ಹೊಲದಲ್ಲೇ ನಿಂತು ಫೋಟೊ ಕೊಡಬೇಕು. ಬೆಂಬಲ ಬೆಲೆಗೆ ರಾಗಿ ಕೊಡೋವಾಗ, ಬೆಳೆ ಪರಿಹಾರ ಕೇಳೋವಾಗ ಆ ಸಮೀಕ್ಷೆಯನ್ನೇ ನೋಡೋದು. ನೀರಾವರಿಯವನಿಗೆ ಒಂದು ಬೆಳೆ ಹೋದರೆ ಇನ್ನೊಂದು ಇದೆ. ವರ್ಷಕ್ಕೊಂದೇ ಬೆಳೆ ಅಂತ ಕೂತ ಖುಷ್ಕಿಯವನಿಗೆ ನಷ್ಟ ಆಯಿತು ಅನ್ನೋದಕ್ಕೆ ಸಾಕ್ಷಿ ಆ ಫೋಟೊ ಒಂದೇ. ಆದ್ದರಿಂದ ಫೋನಲ್ಲಿ ಜಾಗ ಮಾಡೋದು ಮಕ್ಕಳ ಕೆಲಸ ಅಂತ ಬಿಡಬಾರದು, ಅದು ನಮ್ಮದೇ ಬೇಸಾಯದ ಕೆಲಸ ಅನ್ನೋದು ನನ್ನ ವಾದ.

ಪೆಟ್ಟು ತಿಂದು ಕಲಿತಿದ್ದು

ಮೊದಲನೇದು, ಖಾತೆ ನಿಮ್ಮದೇ ಆಗಿರಲಿ. ನಮ್ಮೂರಲ್ಲಿ ಕೇಳಿ ನೋಡಿದೆ, ಅರ್ಧ ಜನಕ್ಕೆ ತಮ್ಮ ಪಾಸ್‌ವರ್ಡ್ ಗೊತ್ತಿಲ್ಲ. ಫೋನು ಕೊಂಡ ದಿನ ಅಂಗಡಿ ಹುಡುಗ ಏನೋ ಒತ್ತಿ ಕೊಟ್ಟಿರ್ತಾನೆ. ಫೋನು ಹೋದ ದಿನ ಉಗ್ರಾಣ ಇದೆ, ಬೀಗದಕೈ ಇಲ್ಲ. ಖಾತೆ ಹೆಸರು, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಪಹಣಿ ಇಡೋ ಪೆಟ್ಟಿಗೆಯಲ್ಲಿಡಿ. ಖಾತೆಗೆ ಕೊಟ್ಟ ಫೋನ್ ನಂಬರು ಬದಲಾಯಿಸಿದರೆ ಅಲ್ಲೂ ಬದಲಾಯಿಸಿ.

ಎರಡನೇದು, ನಿಜವಾಗಿ ಮೇಲೆ ಹೋಗಿದೆಯಾ ನೋಡಿ. ಎಷ್ಟೋ ಫೋನಲ್ಲಿ ವೈಫೈ ಇದ್ದಾಗ ಮಾತ್ರ ಕಳಿಸು ಅಂತ ಇರುತ್ತೆ. ನಮ್ಮ ಮನೇಲಿ ವೈಫೈ ಎಲ್ಲಿಂದ ಬರಬೇಕು? ವರ್ಷಗಟ್ಟಲೆ ಆದರೂ ಒಂದು ಫೋಟೊನೂ ಹೋಗಿರಲ್ಲ. ಫೋನಿನ ಡೇಟಾದಲ್ಲೂ ಕಳಿಸು ಅಂತ ಬದಲಾಯಿಸಿ, ರಾತ್ರಿ ಊಟ ಆದ ಮೇಲೆ ಆ ದಿನ ಮಿಕ್ಕ ಡೇಟಾದಲ್ಲಿ ಹೋಗಲಿ. ಬ್ಯಾಕಪ್ ಮುಗಿಯಿತು ಅಂತ ತೋರಿಸೋವರೆಗೆ ಏನೂ ಮುಟ್ಟಬೇಡಿ.

ಮೂರನೇದು, ನಾನು ಮಾಡಿದ ತಪ್ಪು ಮಾಡಬೇಡಿ. ಕೈಯಾರೆ ಅಳಿಸಬೇಡಿ. ಅದರಲ್ಲೇ 'ಜಾಗ ಖಾಲಿ ಮಾಡು' ಅನ್ನೋ ಬೇರೆ ಗುಂಡಿ ಇದೆ. ಅದನ್ನು ಒತ್ತಿದರೆ ಮೇಲೆ ಹೋಗಿರೋದನ್ನು ಮಾತ್ರ ಫೋನಿಂದ ತೆಗೆಯುತ್ತೆ, ಮೋಡದ್ದು ಹಾಗೇ ಇರುತ್ತೆ.

ನಾಲ್ಕನೇದು, ತೂರಿ ತುಂಬಿ. ಕಣದಲ್ಲಿ ತೂರದೆ ಹೊಟ್ಟು ಸಮೇತ ರಾಗಿ ತುಂಬೋರುಂಟೇ? ಶುಭೋದಯದ ಹೂವನ್ನೆಲ್ಲಾ ಮೇಲಕ್ಕೆ ಹಾಕಿ, ಜಾಗ ಸಾಲದೆ ಬಾಡಿಗೆ ಕಟ್ಟೋದು ದಡ್ಡತನ. ವಾಟ್ಸಾಪಿನಲ್ಲಿ ಬಂದ ಫೋಟೊ ತಾನೇ ಫೋನಿಗೆ ಇಳಿಯದ ಹಾಗೆ ಮಾಡಬಹುದು. ಅಷ್ಟು ಮಾಡಿದ ಮೇಲೆ ನನ್ನ ಫೋನು ತುಂಬೋದೇ ಕಮ್ಮಿಯಾಗಿದೆ.

ಐದನೇದು, ಸಾಕ್ಷಿ ಫೋಟೊ ಯಾರಿಗಾದರೂ ಕಳಿಸಬೇಕಾದರೆ ವಾಟ್ಸಾಪಿನಲ್ಲಿ 'ಡಾಕ್ಯುಮೆಂಟ್' ಅಂತ ಕಳಿಸಿ. ತಾರೀಖು, ಜಾಗ ಒಳಗೇ ಉಳಿಯುತ್ತೆ.

ನಮ್ಮಜ್ಜನ ಕಾಲದಲ್ಲಿ ಹಗೇವು ಇತ್ತು. ನೆಲದೊಳಗೆ ರಾಗಿ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡ್ತಿರಲಿಲ್ಲ. ಎಷ್ಟೇ ನಂಬಿಕೆ ಇದ್ದರೂ ಬಿತ್ತನೆ ರಾಗಿಯನ್ನು ಮಾತ್ರ ಅಜ್ಜ ಹಗೇವಿಗೆ ಹಾಕ್ತಿರಲಿಲ್ಲ. ಬೂದಿ ಬೆರೆಸಿ ಗುಡಾಣದಲ್ಲಿ ತುಂಬಿ ಮನೆ ಒಳಗೇ ಇಡ್ತಿದ್ದರು. ಊಟದ ರಾಗಿ ಹೋದರೆ ಸಾಲ ತರಬಹುದು, ಬೀಜ ಹೋದರೆ ಆ ತಳಿಯೇ ಹೋಯಿತು ಅನ್ನೋರು.

ಫೋಟೊಗೂ ಅದೇ ಲೆಕ್ಕ. ನೂರು ಫೋಟೊ ಮೋಡದಲ್ಲಿರಲಿ. ಬೀಜದಂಥವು ಹತ್ತೋ ಹನ್ನೆರಡೋ ಇರುತ್ತವೆ. ಹಾಳಾದ ಬೆಳೆ, ಹದ್ದಿನ ಕಲ್ಲು, ಹೋದವರ ಮುಖ. ಅವನ್ನು ಪೇಟೆಗೆ ಹೋದಾಗ ಕಾಗದದ ಮೇಲೆ ತೆಗೆಸಿ ಮನೇಲಿಡಿ. ಅವತ್ತು ನಾನು ಅಳಿಸಿದ್ದರಲ್ಲಿ, ಕಣದಲ್ಲಿ ಮೊರ ಹಿಡಿದು ರಾಗಿ ತೂರುತ್ತಾ ನಿಂತ ಅವ್ವನ ಫೋಟೊನೂ ಇತ್ತು. ಅದಾದ ವರ್ಷಕ್ಕೆ ಅವ್ವ ಹೋದರು. ವಿಮೆ ಹಣ ಹೋಗಿದ್ದಕ್ಕೆ ಇನ್ನೊಂದು ಬೆಳೆ ತೆಗೆದು ಸರಿ ಮಾಡಿಕೊಂಡೆ. ಈ ಫೋಟೊಗೆ ಏನು ಮಾಡಲಿ?