ಈ ದೇಶದವರು ಎಂದರೆ ಯಾರು?

ಚರಿತ್ರೆಯ ಪಾಠವು ಮುಗಿದ ಮೇಲೆ ಒಂದು ದಿನ ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ನಮ್ಮ ಬಳಿಗೆ ಬಂದು, “ಅಮ್ಮಾ, ನಾವು ಈ ದೇಶದವರೋ, ಹೊರಗಿನಿಂದ ಬಂದವರೋ?” ಎಂದು ಕೇಳಿದಳು. ಅವಳ ಮತವು ಪರದೇಶದ್ದೆಂದೂ, ಆದುದರಿಂದ ಅವಳೂ ಪರದೇಶಿಯೇ ಎಂದೂ ಯಾರೋ ಹೇಳಿದ್ದರಂತೆ. ಅದೇ ವಾರ ಇನ್ನೊಬ್ಬಳು, ತನ್ನ ಕುಲದವರೇ ಈ ನೆಲದ ಮೂಲನಿವಾಸಿಗಳೆಂದೂ ಮಿಕ್ಕವರೆಲ್ಲ ಆಮೇಲೆ ಬಂದು ಸೇರಿದವರೆಂದೂ ಪ್ರಬಂಧದಲ್ಲಿ ಬರೆದಿದ್ದಳು. ಒಬ್ಬಳ ಕಣ್ಣೀರೂ ಇನ್ನೊಬ್ಬಳ ಹೆಮ್ಮೆಯೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವುಗಳು. ಮೊದಲು ಬಂದವರಿಗೇ ಮನೆಯು ಸಲ್ಲತಕ್ಕದ್ದೆಂಬುದೇ ಆ ತಪ್ಪು. ಇದನ್ನು ಕುರಿತು ನಮಗೆ ತೋರಿದುದನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬಯಸುತ್ತೇವೆ.

ಮೊದಲು ಬಂದವರು ಯಾರೆಂದು ವಿಚಾರಿಸುತ್ತ ಹೋದರೆ, ಬಾರದೆ ಇದ್ದವರು ಯಾರೂ ಉಳಿಯುವುದಿಲ್ಲ. ಮನುಷ್ಯಕುಲವೆಲ್ಲ ಆಫ್ರಿಕಾಖಂಡದಿಂದ ಹರಡಿದುದು. ಅದರ ಒಂದು ಕವಲು ಹತ್ತಾರು ಸಾವಿರ ವರ್ಷಗಳ ಹಿಂದೆ ಈ ನಾಡನ್ನು ಸೇರಿತು. ಆಮೇಲೆ ವಾಯವ್ಯದಿಂದಲೂ ಪೂರ್ವದಿಂದಲೂ ಬೇರೆ ಬೇರೆ ಜನರು ಬೇರೆ ಬೇರೆ ಕಾಲಗಳಲ್ಲಿ ಬಂದರು. ಹರಿಯಾಣದ ರಾಖಿಗಢಿಯಲ್ಲಿ ಸುಮಾರು 4,500 ವರ್ಷಗಳ ಹಿಂದೆ ಹೂಳಲ್ಪಟ್ಟ ಒಬ್ಬ ಹೆಂಗಸಿನ ಎಲುಬಿನಿಂದ ವಿಜ್ಞಾನಿಗಳು ಅವಳ ವಂಶದ ಗುರುತುಗಳನ್ನು ಓದಿ, 2019ರಲ್ಲಿ ಪ್ರಕಟಿಸಿದರು. ಮಧ್ಯ ಏಷ್ಯದ ಹುಲ್ಲುಗಾವಲುಗಳ ಜನರ ಅಂಶವು ಅವಳಲ್ಲಿರಲಿಲ್ಲ. ಆ ಅಂಶವು ಈ ನಾಡಿಗೆ ತರುವಾಯ ಬಂದಿತು. ಆದರೆ ಸಿಂಧೂ ಬಯಲಿನ ಅವಳಂಥವರ ರಕ್ತವು ಇಂದು ಬಡಗಲಲ್ಲಿಯೂ ತೆಂಕಲಲ್ಲಿಯೂ, ಮೇಲಿನವರೆನಿಸಿಕೊಂಡವರಲ್ಲಿಯೂ ಕೆಳಗಿನವರೆನಿಸಿಕೊಂಡವರಲ್ಲಿಯೂ ಹೆಚ್ಚು ಕಡಿಮೆಯಾಗಿ ಹರಿಯುತ್ತಿದೆ. ಹೆಸರು ತಿಳಿಯದ ಆ ತಾಯಿಯು ಯಾವ ಒಂದು ಜಾತಿಯ ಸೊತ್ತೂ ಅಲ್ಲ.

ಭಾಷೆಯ ವಿಷಯದಲ್ಲಿಯೂ ಇಂಥದೇ ಎಡವಟ್ಟು ನಡೆದಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಾಹೇಬರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದವುಗಳೆಂದು ತೋರಿಸಿದರು. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ಲರು ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿ, ಕನ್ನಡ, ತಮಿಳು, ತೆಲುಗು, ಮಲಯಾಳಗಳು ಬೇರೊಂದು ಕುಟುಂಬದವುಗಳೆಂದು ವಿವರಿಸಿದರು. ಇವೆರಡೂ ಭಾಷೆಯನ್ನು ಕುರಿತ ಮಾತುಗಳು. ಜನರು ಅವುಗಳನ್ನು ರಕ್ತದ ಮಾತುಗಳನ್ನಾಗಿ ಮಾಡಿಕೊಂಡು, ಆರ್ಯರೆಂದೂ ದ್ರಾವಿಡರೆಂದೂ ಎರಡು ಜನಾಂಗಗಳನ್ನು ಎದುರುಬದುರಾಗಿ ನಿಲ್ಲಿಸಿದರು. ಹೀಗೆ ಮಾಡಬಾರದೆಂದು ಮ್ಯಾಕ್ಸ್ ಮುಲ್ಲರರೇ 1888ರಲ್ಲಿ ಎಚ್ಚರಿಸಿದರೂ ಕೇಳಿದವರು ಕಡಿಮೆ. ಭಾಷೆಯು ಮನೆಯಿಂದ ಮನೆಗೆ ಸಾಲವಾಗಿ ಹೋಗುತ್ತದೆ. ನಮ್ಮ ಬಾಲಿಕೆಯು ಶಾಲೆಗೆ ಬಂದು ಕುರ್ಚಿಯಲ್ಲಿ ಕುಳಿತು ಕಾಗದದ ಮೇಲೆ ಬರೆಯುವಾಗ, ಶಾಲೆ ಸಂಸ್ಕೃತದ್ದು, ಕುರ್ಚಿ ಅರಬ್ಬಿಯದು, ಕಾಗದ ಪಾರಸಿಯದು, ಬರೆಯುವುದು ಮಾತ್ರ ಕನ್ನಡದ್ದು. ಹಾಗೆಂದು ಅವಳ ವಾಕ್ಯವು ಕನ್ನಡವಲ್ಲವೆಂದು ಯಾರು ಹೇಳಿಯಾರು?

ಮತವೂ ಹಾಗೆಯೇ. ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ಅವರ ಸಂಸ್ಕೃತ ಪಾಂಡಿತ್ಯವನ್ನು ಕಂಡು ಕಲ್ಕತ್ತೆಯ ವಿದ್ವಾಂಸರು ಅವರಿಗೆ ಸರಸ್ವತಿಯೆಂಬ ಬಿರುದನ್ನಿತ್ತರು. 1883ರಲ್ಲಿ ಅವರು ಕ್ರಿಸ್ತಮತವನ್ನು ಸ್ವೀಕರಿಸಿದರು; 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾಸದನವನ್ನು ತೆರೆದರು. ದೀಕ್ಷಾಸ್ನಾನದ ನೀರು ಅವರ ಅಜ್ಜಿಯರನ್ನು ತೊಳೆದುಹಾಕಲಿಲ್ಲ. ದೇಶದ ಮೇಲಣ ಪ್ರೀತಿಯನ್ನಂತೂ ತೊಳೆಯಲೇ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮವರ ಕಡೆಗೂ ಒಂದು ಮಾತನ್ನು ಆಡಬೇಕಾಗಿದೆ. ಈ ದೇಶದ ಜನರು ಸುಮಾರು 4,200 ವರ್ಷಗಳಿಂದ 1,900 ವರ್ಷಗಳ ಹಿಂದಿನವರೆಗೂ ಪರಸ್ಪರ ಧಾರಾಳವಾಗಿ ಬೆರೆತರೆಂದೂ, ಆಮೇಲೆ ಆ ಬೆರಕೆಯು ಬಹುಮಟ್ಟಿಗೆ ನಿಂತುಹೋಗಿ ಕುಲಕುಲಗಳೊಳಗೇ ಮದುವೆಗಳು ನಡೆದವೆಂದೂ 2013ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು. ನಮ್ಮ ವಿಪತ್ತು ಬೇರೆ ಬೇರೆ ಜನರು ಬಂದುದರಿಂದ ಆದುದಲ್ಲ. ಬಂದವರ ನಡುವೆ ಗೋಡೆಗಳು ಎದ್ದುದರಿಂದ ಆದುದು. ಆ ಗೋಡೆಗಳನ್ನು ದೇವಾಲಯದೊಳಕ್ಕೂ ಹೊತ್ತು ತಂದವರು ನಾವಲ್ಲವೆ? ಮಗಳಿಗೆ ವರನನ್ನು ಹುಡುಕುವಾಗ, “ಮತಕ್ಕೆ ಸೇರುವ ಮುಂಚೆ ಅವರು ಯಾರಾಗಿದ್ದರು?” ಎಂದು ಗುಟ್ಟಾಗಿ ವಿಚಾರಿಸುವ ಕ್ರೈಸ್ತ ತಂದೆತಾಯಿಗಳು ಎಷ್ಟು ಮಂದಿ! ಹೀಗೆ ಕೇಳುವವರಿಗೆ, ಬೀದಿಯಲ್ಲಿ “ನೀವು ಯಾರು?” ಎಂದು ಕೇಳಿಸಿಕೊಂಡಾಗ ನೊಂದುಕೊಳ್ಳುವ ಹಕ್ಕು ಕಡಿಮೆಯೇ ಸರಿ.

ಹಾಗಾದರೆ ರಾಷ್ಟ್ರವೆಂಬುದು ಯಾವುದರಿಂದ ಆದೀತು? 1946ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಮುಂಡಾ ಜನರ ಜೈಪಾಲ್ ಸಿಂಗರು ಎದ್ದು ನಿಂತರು. 1928ರ ಒಲಿಂಪಿಕ್ ಪಂದ್ಯಗಳಲ್ಲಿ ನಮ್ಮ ಹಾಕಿ ತಂಡದ ನಾಯಕರಾಗಿದ್ದವರು ಇವರೇ. ಮಿಕ್ಕವರೆಲ್ಲರೂ ತಮ್ಮವರ ನೆಲಕ್ಕೆ ಆಮೇಲೆ ಬಂದವರೆಂದು ಅವರು ಮುಚ್ಚುಮರೆಯಿಲ್ಲದೆ ನುಡಿದರು. ಆದರೂ ಯಾರನ್ನೂ ಹೊರಟುಹೋಗೆನ್ನಲಿಲ್ಲ. ಎಲ್ಲರಿಗೂ ಸಮಾನವಾದ ಅವಕಾಶವಿರುವ ಹೊಸ ಅಧ್ಯಾಯವನ್ನೇ ಬೇಡಿದರು. ಮೊದಲಿಗನೆಂದು ಹೇಳಿಕೊಳ್ಳಲು ಹಕ್ಕುಳ್ಳವನೇ ಹೀಗೆ ನಡೆದುಕೊಂಡಮೇಲೆ ಮಿಕ್ಕವರ ಜಂಭಕ್ಕೆ ಎಡೆಯೆಲ್ಲಿ? 1949ರ ನವೆಂಬರ್ 26ರಂದು ಅಂಗೀಕೃತವಾದ ಸಂವಿಧಾನದ ಐದನೆಯ ವಿಧಿಯು ಪೌರತ್ವವನ್ನು ಹೇಳುವಾಗ, ಮನುಷ್ಯನು ಎಲ್ಲಿ ನೆಲಸಿದ್ದಾನೆ, ತಾನು ಅಥವಾ ತನ್ನ ತಂದೆತಾಯಿಗಳು ಎಲ್ಲಿ ಹುಟ್ಟಿದರು, ಎಷ್ಟು ಕಾಲದಿಂದ ಇಲ್ಲಿ ವಾಸವಾಗಿದ್ದಾನೆ ಎಂಬಿವುಗಳನ್ನೇ ನೋಡುತ್ತದೆ. ಕುಲವನ್ನೂ ಮತವನ್ನೂ ಅದು ಕೇಳುವುದಿಲ್ಲ.

ಆ ದಿನ ಬಾಲಿಕೆಗೆ ನಾವು ಕೊಟ್ಟ ಉತ್ತರವು ಇಷ್ಟೇ: “ಮಗೂ, ಎಲ್ಲರೂ ಬಂದವರೇ, ಎಲ್ಲರೂ ಇಲ್ಲಿಯವರೇ. ನೀನು ಇಲ್ಲಿಯವಳೆಂದು ಯಾರಿಗೂ ಪ್ರಮಾಣ ತೋರಿಸಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವಳಿಂದ ಪ್ರಮಾಣವನ್ನು ಕೇಳಲೂ ಬೇಡ.” ಪ್ರಬಂಧವನ್ನು ಬರೆದವಳನ್ನೂ ಅವಳನ್ನೂ ಒಂದೇ ಬೆಂಚಿನಲ್ಲಿ ಕುಳ್ಳಿರಿಸಿದೆವು. ಈ ಶಾಲೆಯಿಂದ ಹೊರಟುಹೋದ ಹೆಣ್ಣುಮಕ್ಕಳು ತಮ್ಮ ಮನೆಗಳಲ್ಲಿಯೂ ಅಂಥದೊಂದು ಬೆಂಚನ್ನು ಹಾಕಿಡಲೆಂದು ದೇವರನ್ನು ಬೇಡುತ್ತೇವೆ.